ಈಜುಕೊಳದ ಘಾಟು ಏನು ಹೇಳುತ್ತದೆ?

ಬೇಸಿಗೆಯಲ್ಲಿ ನಗರದ ಬಯಲು ಈಜುಕೊಳದ ಗೇಟು ದಾಟುತ್ತಿದ್ದಂತೆ ಮೂಗಿಗೆ ಘಾಟು ಬಡಿದರೆ, ಕ್ಲೋರಿನ್ ಧಾರಾಳವಾಗಿ ಹಾಕಿದ್ದಾರೆ, ನೀರು ಶುದ್ಧವಾಗಿದೆ ಎಂದು ಸಮಾಧಾನಪಡುವವರೇ ಹೆಚ್ಚು. ರಸಾಯನಶಾಸ್ತ್ರ ಹೇಳುವುದು ಇದರ ತದ್ವಿರುದ್ಧ. ಕ್ಲೋರಿನ್ ನೀರಿಗೆ ಬಿದ್ದೊಡನೆ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ, ಹದದಲ್ಲಿದ್ದರೆ ಇದರ ವಾಸನೆ ತೀರಾ ಕಡಿಮೆ. ಬೆವರು, ಮೂತ್ರಗಳಲ್ಲಿರುವ ಅಮೋನಿಯಾ, ಯೂರಿಯಾ ಸಿಕ್ಕಾಗ ಅದು ಅವುಗಳ ಜೊತೆ ಕೂಡಿ ಕ್ಲೋರಮೀನುಗಳಾಗುತ್ತದೆ. ಕಣ್ಣು ಕೆಂಪಾಗಿಸಿ ಕೆಮ್ಮು ತರಿಸುವ ಘಾಟು ಇವುಗಳದು. ಘಾಟು ಬಂತೆಂದರೆ ಕ್ಲೋರಿನ್ ನಮ್ಮ ಮೈಕೊಳೆಯ ಮೇಲೆ ಖರ್ಚಾಗುತ್ತಿದೆ ಎಂದೇ ಅರ್ಥ. ಕೊಳೆ ಅಷ್ಟೊಂದು ಬೀಳುತ್ತದೆಯೇ ಎಂದು ಕೇಳಬಹುದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2017ರಲ್ಲಿ ಜಾಣ ಉಪಾಯವೊಂದನ್ನು ಹೂಡಿದರು: ಅಸೆಸಲ್ಫೇಮ್ ಎಂಬ ಕೃತಕ ಸಿಹಿ ನಮ್ಮ ದೇಹದಲ್ಲಿ ಬದಲಾಗದೆ ಹಾಗೇ ಮೂತ್ರದಲ್ಲಿ ಹೊರಬೀಳುತ್ತದೆ, ಅದನ್ನು ಕೊಳದ ನೀರಲ್ಲಿ ಅಳೆದರು. ಸುಮಾರು 8.3 ಲಕ್ಷ ಲೀಟರಿನ ಒಂದು ಕೊಳದಲ್ಲಿ 75 ಲೀಟರ್ ಮೂತ್ರವಿತ್ತೆಂಬ ಲೆಕ್ಕ ಸಿಕ್ಕಿತು.

ಅದಕ್ಕೇ ಫಿಲ್ಟರ್ ಇದೆಯಲ್ಲ ಎನ್ನುವವರು ಆ ಯಂತ್ರವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪಂಪು ಕೊಳದ ನೀರನ್ನೆಳೆದು, ಕೂದಲು ಹಿಡಿಯುವ ಜರಡಿಬುಟ್ಟಿ ದಾಟಿಸಿ, ಮರಳು ತುಂಬಿದ ದೊಡ್ಡ ಉರುಳೆಯೊಳಗೆ ಮೇಲಿನಿಂದ ಕೆಳಕ್ಕೆ ನೂಕುತ್ತದೆ. ಅರ್ಧ ಮಿಲಿಮೀಟರ್ ಆಸುಪಾಸಿನ ಮರಳ ಕಣಗಳ ಸಂದಿಯಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ಸ್ವಾರಸ್ಯವೆಂದರೆ, ಸಿಕ್ಕಿದ ಕಸವೇ ಸಂದಿಗಳನ್ನು ಕಿರಿದಾಗಿಸುವುದರಿಂದ ತುಸು ಕೊಳಕಾದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಒತ್ತಡದ ಮುಳ್ಳು ಮೇಲೇರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯುತ್ತಾರೆ. ಪೈಪಿನ ಗಾಜಿನ ಕಿಂಡಿಯಲ್ಲಿ ಚಹಾದ ಬಣ್ಣದ ನೀರು ತಿಳಿಯಾಗುವವರೆಗೂ. ಸೋಸಿದ ನೀರು ಮತ್ತೆ ಸೋಸದ ನೀರಿನೊಳಗೇ ಬೆರೆಯುವುದರಿಂದ, ಕೊಳದಷ್ಟೇ ನೀರು ಒಮ್ಮೆ ಫಿಲ್ಟರಿನ ಮೂಲಕ ಹಾದರೂ ನಿಜಕ್ಕೂ ಸೋಸಿಹೋಗಿರುವುದು ಶೇಕಡಾ 63ರಷ್ಟು ಮಾತ್ರ. ಇಷ್ಟೆಲ್ಲ ಮಾಡಿದರೂ ಮರಳು ಹಿಡಿಯುವುದು ಕಣವನ್ನು, ಕರಗಿದ್ದನ್ನಲ್ಲ. ಸಾರಿನ ಉಪ್ಪನ್ನು ಸೌಟಿನಲ್ಲಿ ತೆಗೆಯಲಾದೀತೇ? ಯೂರಿಯಾ ಮರಳೊಳಗಿಂದ ಆರಾಮವಾಗಿ ನುಸುಳಿ ಕೊಳಕ್ಕೆ ಮರಳುತ್ತದೆ.

ಹಾಗಾದರೆ ಇನ್ನಷ್ಟು ಕ್ಲೋರಿನ್ ಸುರಿದರಾಯಿತು ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕ್ಲೋರಮೀನಿನ ಸುಮಾರು ಹತ್ತು ಪಟ್ಟು ಕ್ಲೋರಿನ್ ಹಾಕಿದರೆ ಕ್ಲೋರಮೀನು ಒಡೆದುಹೋಗುತ್ತದೆ, ಜನರಿಲ್ಲದ ರಾತ್ರಿ ಹಾಗೆ ಮಾಡುವುದೂ ಉಂಟು. ಆದರೆ ಬೆಳಗಾದರೆ ಹೊಸ ಬೆವರು ಬರುತ್ತದೆ. ಮೇಲಾಗಿ ಬಯಲು ಕೊಳದಲ್ಲಿ ಬಿಸಿಲೂ ಪಾಲು ಕೇಳುತ್ತದೆ. ರಕ್ಷಣೆಯಿಲ್ಲದ ಕ್ಲೋರಿನ್ನಿನ ಬಹುಪಾಲನ್ನು ನೇರಳಾತೀತ ಕಿರಣಗಳು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತವೆ. ಸಯನ್ಯೂರಿಕ್ ಆಮ್ಲವೆಂಬ ಕೊಡೆ ಹಿಡಿದರೆ ಕ್ಲೋರಿನ್ ಉಳಿಯುತ್ತದೆ, ಕೊಡೆ ದೊಡ್ಡದಾದರೆ ರೋಗಾಣು ಕೊಲ್ಲುವ ವೇಗ ತಗ್ಗುತ್ತದೆ. ಹಾಕಿದ್ದೆಷ್ಟು ಎಂಬುದಕ್ಕಿಂತ ಉಳಿದದ್ದೆಷ್ಟು ಎಂಬುದೇ ಲೆಕ್ಕ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಬಯಲಿನ ಡೈವಿಂಗ್ ಕೊಳ ಹಸಿರಾಗಿ ಜಗತ್ತೇ ನಕ್ಕಿತ್ತು. ಯಾರೋ ಸುರಿದ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್ನನ್ನು ನಿಷ್ಕ್ರಿಯಗೊಳಿಸಿತ್ತೆಂದು ಸಂಘಟಕರು ಆಮೇಲೆ ವಿವರಿಸಿದರು. ಇನ್ನು, ಬಯಲಲ್ಲಿ ಘಾಟು ಗಾಳಿಗೆ ಹಾರಿಹೋಗುತ್ತದಲ್ಲ ಎಂಬ ಮಾತೂ ನಿಜ. ತೆರೆದ ಆಕಾಶದ ಕೆಳಗೂ ಮೂಗು ಉರಿದರೆ, ಆ ನೀರಿನ ಸ್ಥಿತಿ ನೀವೇ ಊಹಿಸಿ.

ಕೊಳದ ಸಿಬ್ಬಂದಿ ನೀರು ಪರೀಕ್ಷಿಸುವಾಗ ನಳಿಕೆಯ ಬಣ್ಣ ಗಮನಿಸಿ. ಹಳದಿಗೆ ತಿರುಗುವ ಹಳೆಯ ಆರ್ಥೊಟಾಲಿಡಿನ್ ಪರೀಕ್ಷೆ ಕ್ಲೋರಿನ್ನಿನ ಜೊತೆ ಕ್ಲೋರಮೀನನ್ನೂ ಸೇರಿಸಿ ಎಣಿಸುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಪರೀಕ್ಷೆ ಎರಡನ್ನೂ ಬೇರ್ಪಡಿಸಿ ತೋರಿಸಬಲ್ಲದು. ಅದನ್ನೇ ಬಳಸಿ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡವರಿಗಿದೆ. ಕೇಳುವ ಮುನ್ನ, ಶವರಿನ ಕೆಳಗೆ ಒಂದು ನಿಮಿಷ ನಿಂತು ಬನ್ನಿ.