ಒಲೆಯ ಲೆಕ್ಕ



ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆಯಲ್ಲಿ ನಾನು ತಿರುಗಾಟಕ್ಕೆಂದು ಮನೆಯಿಂದ ಹೊರಬಿದ್ದರೆ, ರಾಗಿಗುಡ್ಡಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಬುಡದ ಹೊಗೆ. ಮೇಲೇರದೆ, ಚದುರದೆ, ಮನೆಗಳ ಸೂರಿನ ಮಟ್ಟದಲ್ಲಿಯೇ ಅದು ಹಾಸಿಕೊಂಡಿರುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುವುದರಿಂದ ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲು ಏರಿ ನೆಲ ಕಾಯುವವರೆಗೆ ಹೊಗೆಗೆ ಮೇಲಕ್ಕೆ ದಾರಿಯಿಲ್ಲ. ಆ ಹೊಗೆಯಲ್ಲಿ ಬಹುಪಾಲು ಅಡುಗೆಯದಲ್ಲ, ಮೀಯುವ ನೀರಿನದು.

ಶೀತದೇಶಗಳಲ್ಲಿ ಮನೆಯನ್ನೇ ಕಾಯಿಸುತ್ತಾರೆ. ಅಲ್ಲಿಯ ಸಂಸಾರಗಳಿಗೆ ಎಣ್ಣೆ, ಅನಿಲ, ವಿದ್ಯುತ್ತುಗಳ ಬೆಲೆಯೆಂದರೆ ಚಳಿಗಾಲದ ದೊಡ್ಡ ಚಿಂತೆ. ನಮ್ಮ ಮಲೆನಾಡಿನಲ್ಲಿ ಮನೆ ಕಾಯಿಸುವ ಪದ್ಧತಿಯಿಲ್ಲ. ಮುದುಕರ ಮುಂದೆ ಒಂದು ಅಗ್ಗಿಷ್ಟಿಕೆ, ಬಚ್ಚಲುಮನೆಯಲ್ಲಿ ಒಂದು ತಾಮ್ರದ ಹಂಡೆ, ಅದರ ಕೆಳಗೆ ಹಗಲಿರುಳೂ ಪೂರ್ತಿ ಆರದ ಒಂದು ಒಲೆ, ಇಷ್ಟೇ ನಮ್ಮ ಏರ್ಪಾಡು. ಅಡಿಕೆ ಸಿಪ್ಪೆ, ತೆಂಗಿನ ಕರಟ, ಒಣಗಿದ ಸೋಗೆ, ಕಾಡಿನ ಕುಂಟೆ ಎಲ್ಲವೂ ಆ ಒಲೆಗೆ ಸಲ್ಲುತ್ತಿದ್ದವು. ಇವತ್ತು ನಾನು ಮಾತನಾಡಬೇಕೆಂದಿರುವುದು ಈ ಉರಿಯ ಬೆಲೆಯನ್ನು ಕುರಿತು.

ನಾನು ಕನ್ನಡ ಪಾಠ ಹೇಳಿದವನು, ವಿಜ್ಞಾನದಲ್ಲಿ ಅಧಿಕಾರವುಳ್ಳವನಲ್ಲ. ಆದರೂ ಇದರ ಗಣಿತ ಪ್ರೌಢಶಾಲೆಯ ಮಟ್ಟವನ್ನು ಮೀರಿದ್ದಲ್ಲ. ಒಂದು ಲೀಟರು ನೀರಿನ ಶಾಖವನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಇಪ್ಪತ್ತು ಡಿಗ್ರಿ ಏರಿಸಿದರೆ ಸ್ನಾನಕ್ಕೆ ಹದವಾಗುತ್ತದೆಂದು ಇಟ್ಟುಕೊಳ್ಳೋಣ. ಅದಕ್ಕೆ ಬೇಕಾದದ್ದು 400 ಕಿಲೋಕ್ಯಾಲೊರಿ.

ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 4000 ಕಿಲೋಕ್ಯಾಲೊರಿ ಶಾಖವಿದೆ. ಅಂದರೆ ನೂರು ಗ್ರಾಂ ಸೌದೆಯಲ್ಲಿ ಕೆಲಸ ಮುಗಿಯಬೇಕಿತ್ತು. ಆದರೆ ನಮ್ಮ ಹಳೆಯ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ಪಾತ್ರೆಗೆ ತಲುಪುವುದು ಹೆಚ್ಚುಕಡಿಮೆ ಒಂದೇ ಪಾಲು. ಆದ್ದರಿಂದ ಒಂದು ಬಕೆಟ್ ಬಿಸಿನೀರಿಗೆ ಒಂದು ಕಿಲೋ ಸೌದೆ. ಅಡುಗೆ ಅನಿಲದ ಒಂದು ಕಿಲೋದಲ್ಲಿ ಸುಮಾರು 11,000 ಕಿಲೋಕ್ಯಾಲೊರಿಯುಂಟು. ಗ್ಯಾಸ್ ಒಲೆ ಅದರಲ್ಲಿ ಹತ್ತಕ್ಕೆ ಆರು ಪಾಲನ್ನಾದರೂ ಪಾತ್ರೆಗೆ ಮುಟ್ಟಿಸುತ್ತದೆ. ಹಾಗಾಗಿ ಅದೇ ಬಕೆಟ್ಟಿಗೆ ಅರವತ್ತು ಗ್ರಾಂ ಅನಿಲ ಸಾಕು. ವಿದ್ಯುತ್ತಿನಲ್ಲಾದರೆ ಒಂದು ಯೂನಿಟ್ಟಿಗೆ 860 ಕಿಲೋಕ್ಯಾಲೊರಿ. ನೀರಿನಲ್ಲಿಯೇ ಮುಳುಗಿರುವ ಸುರುಳಿಯಿಂದ ಶಾಖ ಪೋಲಾಗುವುದು ಕಡಿಮೆಯಾದ್ದರಿಂದ ಅರ್ಧ ಯೂನಿಟ್ ಸಾಕು.

ಶ್ರೋತೃಗಳು ತಮ್ಮ ಮನೆಯ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. 14.2 ಕಿಲೋ ತೂಕದ ಅನಿಲ ತುಂಬಿದ ಸಿಲಿಂಡರಿನಿಂದ ಸುಮಾರು 235 ಬಕೆಟ್ ನೀರು ಕಾಯುತ್ತದೆ. ಈ ತಿಂಗಳ ಸಿಲಿಂಡರಿನ ದರವನ್ನು 235ರಿಂದ ಭಾಗಿಸಿ. ವಿದ್ಯುತ್ತಿನ ದರವನ್ನು ಎರಡರಿಂದ ಭಾಗಿಸಿ. ಒಂದು ಕಿಲೋ ಸೌದೆಯ ಬೆಲೆಯನ್ನು ಅವುಗಳ ಪಕ್ಕದಲ್ಲಿ ಬರೆಯಿರಿ. ಬೆಲೆಗಳು ವರ್ಷ ವರ್ಷ ಬದಲಾಗುತ್ತವೆ. ಭಾಗಿಸುವ ಈ ಕ್ರಮ ಬದಲಾಗುವುದಿಲ್ಲ.

ನಾನೂ ಒಮ್ಮೆ ಇಂಥದೇ ಲೆಕ್ಕ ಮಾಡಿದ್ದೆ. 1983ರಲ್ಲಿ ಶಿವಮೊಗ್ಗೆಯಲ್ಲಿ ನನಗೆ ಅಧ್ಯಾಪಕ ವೃತ್ತಿ ದೊರೆತು, ಬಾಡಿಗೆ ಮನೆ ಹಿಡಿದು, ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ತಾಯಿಯವರನ್ನು ಕರೆತಂದೆ. ಆಗ ಗ್ಯಾಸ್ ಸಂಪರ್ಕಕ್ಕೆ ಹೆಸರು ಬರೆಸಿ ಕಾಯಬೇಕಾಗಿತ್ತು. ನಮಗಾದರೋ ಬೇಸಗೆಯಲ್ಲಿ ತೋಟದಿಂದ ಒಂದು ಲಾರಿ ಸೌದೆ ಬಂದು ಬೀಳುತ್ತಿತ್ತು. ಕಾಸು ಕೊಡುವ ಪ್ರಮೇಯವಿರಲಿಲ್ಲ. ಹೆಸರು ಬರೆಸಲೇ ಎಂದು ಕೇಳಿದಾಗ ಅಮ್ಮ, “ಅಟ್ಟದ ತುಂಬ ಸೌದೆ ಇರುವಾಗ ಗ್ಯಾಸು ಯಾಕಪ್ಪ? ಮೊದಲು ನಿನ್ನ ಪುಸ್ತಕಕ್ಕೆ ಒಂದು ಬೀರು ಮಾಡಿಸಿಕೊ” ಅಂದಳು. ಪುಕ್ಕಟೆಯ ಸೌದೆಯನ್ನೂ ದುಡ್ಡು ಕೊಡಬೇಕಾದ ಗ್ಯಾಸನ್ನೂ ತೂಗಿ ನೋಡಿ, ಅಮ್ಮನ ಮಾತೇ ಸರಿಯೆಂದು ತೀರ್ಮಾನಿಸಿದೆ. ತೇಗದ ಬೀರು ಬಂತು. ಗ್ಯಾಸ್ ಬಂದದ್ದು ಎಂಟು ವರ್ಷಗಳ ಮೇಲೆ, 1991ರಲ್ಲಿ.

ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿತ್ತೆಂಬುದನ್ನು ಹೇಳುವ ಮೊದಲು, ಉಳಿದ ಒಂಬತ್ತು ಪಾಲು ಶಾಖ ಎಲ್ಲಿಗೆ ಹೋಯಿತೆಂಬುದನ್ನು ನೋಡೋಣ. ಕೆಲವಷ್ಟು ಒಲೆಯ ಮಣ್ಣಿಗೆ, ಕೆಲವಷ್ಟು ಬಾಯಿಯಿಂದ ಹೊರಗೆ. ಸೌದೆ ಹಸಿಯಾಗಿದ್ದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಕಿಲೋಗೆ ಸುಮಾರು 600 ಕಿಲೋಕ್ಯಾಲೊರಿ ತಗಲುತ್ತದೆ. ಆಷಾಢದ ಮಳೆಯಲ್ಲಿ ಒಲೆ ಹೊತ್ತಿಸಿದ ಪ್ರತಿಯೊಬ್ಬ ಗೃಹಿಣಿಗೂ ಇದು ಪುಸ್ತಕ ಓದದೆಯೇ ಗೊತ್ತು. ಇನ್ನೊಂದು ಪಾಲು ಹೊಗೆಯಾಗಿಯೇ ಹೊರಬೀಳುತ್ತದೆ. ಹೊಗೆಯೆಂದರೆ ಪೂರ್ತಿ ಉರಿಯದೆ ಉಳಿದ ಸೌದೆ. ಗಾಳಿ ಸಾಲದಾದಾಗ, ಉರಿ ತಣ್ಣಗಿನ ಪಾತ್ರೆಯ ತಳಕ್ಕೆ ಬಡಿದಾಗ, ಸೌದೆಯಿಂದ ಹೊರಟ ಅನಿಲವೂ ಮಸಿಯ ಕಣಗಳೂ ಉರಿಯದೆ ತಪ್ಪಿಸಿಕೊಂಡು ಊದುಗೊಳವೆ ಹಿಡಿದವಳ ಕಡೆಗೆ ಬರುತ್ತವೆ.

1998ರಲ್ಲಿ ಅಮ್ಮನಿಗೆ ಉಸಿರಾಟ ಕಷ್ಟವಾಗಿ ವೈದ್ಯರಲ್ಲಿಗೆ ಕರೆದೊಯ್ದೆ. ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಅವರು ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ತಾಯಿಯವರು ಬೀಡಿ ಸೇದುತ್ತಿದ್ದರೇ?” ಎಂದು ಕೇಳಿದರು. ನಾನು ಉತ್ತರ ಕೊಡುವಷ್ಟರಲ್ಲಿ ಅವರೇ, “ಹಾಗಾದರೆ ಒಲೆ” ಅಂದರು. ಮೂರು ವರ್ಷಗಳ ಮೇಲೆ ಅಮ್ಮ ತೀರಿಕೊಂಡಳು. 2020ರಲ್ಲಿ ಮನೆಯೊಳಗಿನ ಹೊಗೆಯ ದೆಸೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಸಂಖ್ಯೆಯನ್ನು ಓದುವಾಗಲೆಲ್ಲ ನನಗೆ ಆ ಬೀರು ನೆನಪಾಗುತ್ತದೆ.

ಈ ಕಷ್ಟಕ್ಕೆ ಮದ್ದು ನಮ್ಮ ನಾಡಿನಲ್ಲಿಯೇ ಸಿದ್ಧವಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಅಲ್ಲಿಯವರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಪ್ರತಿಯೊಂದು ಮನೆಯೂ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಬಳಸುತ್ತದೆಂದು ಅಳೆದು ನೋಡಿದರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಸೌದೆಯದೆಂದೂ, ಅದು ಅಡುಗೆಗೂ ಮೀಯುವ ನೀರಿಗೂ ಸಲ್ಲುತ್ತದೆಂದೂ, ಅದನ್ನು ಹೊತ್ತು ತರುವ ಹೊತ್ತು ಹೆಂಗಸರ ಮತ್ತು ಮಕ್ಕಳದೆಂದೂ ಕಂಡುಬಂತು. ಅನಂತರ ಅವರು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಉರಿ ಒಂದಾದ ಮೇಲೊಂದು ಮೂರು ಪಾತ್ರೆಗಳ ಕೆಳಗೆ ಸುಳಿದು ಹೋಗುತ್ತಿತ್ತು, ಹೊಗೆ ಕೊಳವೆಯ ಮೂಲಕ ಸೂರಿನಾಚೆಗೆ. ಹತ್ತಕ್ಕೆ ಒಂದು ಪಾಲಿದ್ದ ಫಲ ಮೂರು ಪಾಲನ್ನು ಮೀರಿತು. 1980ರ ದಶಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಹಳ್ಳಿಗಳಿಗೆ ಒಯ್ದಿತು. ಆದರೆ ಒಲೆ ಕಟ್ಟುವುದು ಒಂದು ದಿನದ ಕೆಲಸ. ಕೊಳವೆಯ ಮಸಿ ತೆಗೆದು, ಬಿರುಕಿಗೆ ಮಣ್ಣು ಮೆತ್ತಿ ಅದನ್ನು ಊರ್ಜಿತವಾಗಿಡುವುದು ನಿತ್ಯದ ಕೆಲಸ. ಆ ಎರಡನೆಯದಕ್ಕೆ ಜನ ಸಿಗದ ಕಡೆ ಹಳೆಯ ಒಲೆಯೇ ಮರಳಿ ಬಂತು.

ಇಲ್ಲಿಂದ ಹದಿನೆಂಟು ಕಿಲೋಮೀಟರಿನಷ್ಟು ದೂರದ ಭದ್ರಾವತಿಯ ಕಡೆಗೊಮ್ಮೆ ತಿರುಗಿ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. 1923ರಲ್ಲಿ ಕೆಲಸ ಮೊದಲುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯೂ ಸೌದೆಯ ಒಲೆಯೇ ಆಗಿತ್ತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಅಲ್ಲಿ ಕಲ್ಲಿದ್ದಲಿನ ಬದಲು ನಮ್ಮ ಕಾಡಿನ ಮರದಿಂದ ಸುಟ್ಟ ಇದ್ದಿಲನ್ನು ಉರಿಸುತ್ತಿದ್ದರು. ಮರವನ್ನು ಇದ್ದಿಲಾಗಿಸುವಾಗ ಹೊರಡುವ ಹೊಗೆಯನ್ನೂ ವ್ಯರ್ಥಮಾಡದೆ ತಣಿಸಿ, ಟಾರು ಮತ್ತು ಮರದ ಮದ್ಯಸಾರವನ್ನು ಇಳಿಸಿಕೊಳ್ಳುತ್ತಿದ್ದರು. 1948ರಲ್ಲಿ ಜೋಗದಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾಯಿತು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ನನ್ನ ತಾಯಿಯ ಒಲೆ ಸೌದೆ ಬಿಡುವುದಕ್ಕೆ ಸುಮಾರು ನಾಲ್ಕು ದಶಕ ಮೊದಲೇ ಕಬ್ಬಿಣದ ಒಲೆ ಅದನ್ನು ಬಿಡತೊಡಗಿತ್ತು. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಹೊಗೆಗೂ ಬೆಲೆಯಿತ್ತು. ನಮ್ಮ ಅಡುಗೆಮನೆಗೆ ಲೆಕ್ಕಪುಸ್ತಕವೇ ಇರಲಿಲ್ಲ.

ವಿದ್ಯುತ್ತಿಗೆ ಹೊಗೆಯಿಲ್ಲವೆಂದು ನಾವು ಸಮಾಧಾನ ಪಡುತ್ತೇವೆ. ಗುಂಡಿ ಒತ್ತಿದವರ ಮನೆಯಲ್ಲಿ ಇಲ್ಲ, ನಿಜ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಮನೆ, ಗದ್ದೆ, ತೋಟಗಳು ನೀರಿಗೆ ಸಂದವು. ಮುಳುಗಡೆಯಾದ ಕುಟುಂಬಗಳು ಜಿಲ್ಲೆಯ ಕಾಡಂಚಿನ ಊರುಗಳಿಗೆ ಬಂದು ನೆಲೆಸಿದವು. ಅವರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಪೂರ್ಣವಾಗಿ ಇತ್ಯರ್ಥವಾಗಲಿಲ್ಲ. ಮಳೆಗಾಲದಲ್ಲಿ ನಾವೆಲ್ಲ ಪತ್ರಿಕೆ ಬಿಡಿಸಿ, ಜಲಾಶಯ 1819 ಅಡಿಗೆ ಇನ್ನೆಷ್ಟು ಬಾಕಿ ಎಂದು ನೋಡುತ್ತೇವೆ. ಆ ಅಡಿಗಳ ಕೆಳಗೆ ಎಷ್ಟೋ ಬಚ್ಚಲುಮನೆಗಳಿವೆ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗಿನ ಮನೆಬಳಕೆಗೆ, ಹಿಂದಿನ ಸರಾಸರಿಯ ಮಿತಿಯೊಳಗೆ, ಬಿಲ್ಲು ಮನ್ನಾ ಆಯಿತು. ಬಡವರಿಗೆ ಅದೊಂದು ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಲ್ಲು ಸೊನ್ನೆಯಾದರೆ ಬೆಲೆಯೂ ಸೊನ್ನೆಯೆಂದು ಎಣಿಸುವ ತಪ್ಪನ್ನು ನಾನು ಸೌದೆಯ ವಿಷಯದಲ್ಲಿ ಒಮ್ಮೆ ಮಾಡಿದ್ದೇನೆ.

ಕಳೆದ ಚಳಿಗಾಲದಲ್ಲಿ ನಾನು ಇನ್ನೊಂದು ತಪ್ಪನ್ನು ಮಾಡುವುದರಲ್ಲಿದ್ದೆ. ನಮ್ಮ ಮನೆಯ ಕೆಲಸದಲ್ಲಿ ನೆರವಾಗುವ ಹೆಣ್ಣುಮಗಳು ರಾಗಿಗುಡ್ಡದ ಬುಡದಲ್ಲಿರುವವಳು. ಅವಳ ಸೀರೆಯಲ್ಲಿ ಹೊಗೆಯ ವಾಸನೆ ಕಂಡು, “ನಿಮಗೆ ಗ್ಯಾಸ್ ಬಂದಿದೆಯಲ್ಲಮ್ಮ, ಮತ್ತೆ ಒಲೆ ಏಕೆ?” ಎಂದು ಉಪದೇಶಕ್ಕೆ ತೊಡಗಿದೆ. ಅವಳು ನಗುತ್ತ, “ಮೇಷ್ಟ್ರೇ, ಅನ್ನ ಸಾರು ಗ್ಯಾಸಿನಲ್ಲೇ ಮಾಡ್ತೀನಿ. ಐದು ಜನಕ್ಕೆ ನೀರೂ ಅದರಲ್ಲೇ ಕಾಯಿಸಿದರೆ ತಿಂಗಳೂ ಬರಲ್ಲ. ಸಿಲಿಂಡರಿಗೆ ಒಂದೇ ಸಲ ಅಷ್ಟು ದುಡ್ಡು ಎಣಿಸಬೇಕು. ನನಗೆ ದುಡ್ಡು ಒಂದೇ ಸಲ ಎಲ್ಲಿ ಬರುತ್ತೆ?” ಎಂದಳು. ಮನೆಗೆ ಬಂದು ಲೆಕ್ಕ ಹಾಕಿದೆ. ಐದು ಜನಕ್ಕೆ ದಿನಕ್ಕೆ ಐದು ಬಕೆಟ್. 235 ಬಕೆಟ್ಟಿನ ಸಿಲಿಂಡರು ಬರಿಯ ಸ್ನಾನಕ್ಕೇ 47 ದಿನ. ಅಡುಗೆಯೂ ಸೇರಿದರೆ ಅವಳ ಮಾತೇ ಸರಿ.

ಭಾರತದಲ್ಲಿ ಅಡುಗೆ ಅನಿಲದ ಮಾರಾಟ ಮುಂಬಯಿಯಲ್ಲಿ 1955ರಲ್ಲಿ ಆರಂಭವಾಯಿತು. ಬಹುಕಾಲ ಅದು ಸಂಬಳದಾರರ ಅಡುಗೆಮನೆಯ ವಸ್ತುವಾಗಿಯೇ ಉಳಿಯಿತು. 2016ರ ಮೇ ತಿಂಗಳಿನಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡ ಮನೆಗಳಿಗೆ ಸಂಪರ್ಕ ದೊರೆತದ್ದು ದೊಡ್ಡ ಸಂಗತಿ. ಆದರೆ ಸಂಪರ್ಕ ಒಂದು ಸಲದ ಮಾತು. ಮರುತುಂಬುವುದು ಜೀವಮಾನದ ಮಾತು. ದಿನಗೂಲಿಯ ಸಂಸಾರ ಅಕ್ಕಿ, ಎಣ್ಣೆ, ಸೋಪುಗಳನ್ನು ದಿನದ ಅಳತೆಯಲ್ಲಿ ಕೊಳ್ಳುತ್ತದೆ. ಸೌದೆಯೂ ಹಾಗೆಯೇ ಪುಳ್ಳೆ ಪುಳ್ಳೆಯಾಗಿ ಸಿಗುತ್ತದೆ. ಅನಿಲವಾದರೋ ತಿಂಗಳ ಸಂಬಳದ ಅಳತೆಯಲ್ಲಿ ಬರುತ್ತದೆ. ಐದು ಕಿಲೋದ ಸಣ್ಣ ಸಿಲಿಂಡರು ಈ ಅಂತರವನ್ನು ಸ್ವಲ್ಪ ತಗ್ಗಿಸಬಲ್ಲದು. ಸಹಾಯಧನವಾದರೂ ಹಣ ಎಣಿಸುವ ಹೊತ್ತಿನಲ್ಲಿಯೇ ಒದಗಿದರೆ ಹೆಚ್ಚು ಪ್ರಯೋಜನ.

ಹಾಗಾದರೆ ನಾವು ಮಾಡಬಹುದಾದದ್ದೇನು? ಸಣ್ಣ ಸಂಗತಿಗಳಿಂದಲೇ ಮೊದಲು ಮಾಡಬಹುದು. ಹಂಡೆಗೆ ಮುಚ್ಚಳವಿರಲಿ. ಬೇಳೆಕಾಳು ಮೊದಲೇ ನೆನೆಯಲಿ. ಮಳೆಗಾಲದ ಸೌದೆ ಬೇಸಗೆಯಲ್ಲಿಯೇ ಒಣಗಿ ಸೂರಿನಡಿ ಸೇರಲಿ. ಒಲೆಯಿರುವಲ್ಲಿ ಹೊಗೆಗೊಂದು ಕೊಳವೆ, ಗೋಡೆಗೊಂದು ಗವಾಕ್ಷಿ ಇರಲಿ. ತಾರಸಿಯುಳ್ಳವರಿಗೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರವುಂಟು. ಮಲೆನಾಡಿನ ಮಳೆಗಾಲದಲ್ಲಿ ಅದು ಕೈಕೊಟ್ಟರೂ, ಮೀಯುವ ನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿ ನಮ್ಮ ಆಕಾಶ ಶುಭ್ರವಾಗಿಯೇ ಇರುತ್ತದೆ. ತಾರಸಿಯಿಲ್ಲದವರ ಬೀದಿಗೆ ಹತ್ತು ಮನೆಗಳಿಗೆ ಸೇರಿದಂತೆ ಅಂಥದೊಂದನ್ನು ನಗರಸಂಸ್ಥೆಯವರು ಏರ್ಪಡಿಸಬಾರದೇ ಎಂದು ನನಗೆ ಅನೇಕ ಸಲ ಅನಿಸಿದೆ.

ಇದಿಷ್ಟಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮನೆಯ ಖರ್ಚನ್ನು ಬರೆಯುವ ಪುಸ್ತಕದಲ್ಲಿ ಉರುವಲಿನ ಎದುರಿಗೆ ರೂಪಾಯಿಯ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಕಾಲಮ್ಮನ್ನು ಎಳೆದು, ಇದನ್ನು ಹೊತ್ತು ತಂದವರು ಯಾರು, ಇದರ ಮುಂದೆ ಕುಳಿತು ಊದಿದವರು ಯಾರು, ಇದಕ್ಕಾಗಿ ಊರು ಬಿಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. 1983ರಲ್ಲಿ ಯಾರಾದರೂ ನನಗೆ ಈ ಮಾತು ಹೇಳಿದ್ದರೆ ನಾನು ಪುಸ್ತಕಗಳನ್ನು ನೆಲದ ಮೇಲೆಯೇ ಪೇರಿಸಿಟ್ಟು ಗ್ಯಾಸಿಗೆ ಹೆಸರು ಬರೆಸುತ್ತಿದ್ದೆ. ತೇಗದ ಬೀರು ಈಗಲೂ ಗಟ್ಟಿಮುಟ್ಟಾಗಿದೆ.

(ಬಾನುಲಿ ಭಾಷಣ)