ಯುದ್ಧ ಮುಗಿದ ಮೇಲೆ ರೋಬಾಟ್‌ಗಳ ಬದುಕು

ಅಮೆರಿಕದ ಟೀವಿಯಲ್ಲಿ 1984ರಲ್ಲಿ ಶುರುವಾದ ‘ಟ್ರಾನ್ಸ್‌ಫಾರ್ಮರ್ಸ್’ ಕಾರ್ಟೂನು ಹುಟ್ಟಿದ್ದೇ ಆಟಿಕೆ ಮಾರಲು. ಜಪಾನಿನ ಟಕಾರಾ ಕಂಪನಿಯ ಆಟಿಕೆಗಳನ್ನು ತಂದ ಹ್ಯಾಸ್ಬ್ರೊ, ಅವುಗಳಿಗೆ ಹೆಸರು, ಸ್ವಭಾವ, ಹಗೆತನ ಎಲ್ಲವನ್ನೂ ಮಾರ್ವೆಲ್ ಕಾಮಿಕ್ಸ್‌ನಿಂದ ಬರೆಸಿತು. ಲಾರಿಯಾಗಿ ಮಾರ್ಪಡುವ ರೋಬಾಟ್ ನಾಯಕ ಆಪ್ಟಿಮಸ್ ಪ್ರೈಮ್ ಒಂದು ಕಡೆ, ಅವನ ಶತ್ರು ಮೆಗಾಟ್ರಾನ್ ಇನ್ನೊಂದು ಕಡೆ. ಕಂತು ಕಂತಿನಲ್ಲೂ ಗುಂಡಿನ ಮಳೆ. ಆದರೂ ಮರುದಿನಕ್ಕೆ ಎಲ್ಲರೂ ಕ್ಷೇಮ. 1986ರ ಸಿನಿಮಾದಲ್ಲಿ ಪ್ರೈಮ್ ಸತ್ತು ಮಕ್ಕಳನ್ನು ಅಳಿಸಿದ್ದು ಕೂಡ ಹೊಸ ಆಟಿಕೆಗಳಿಗೆ ಜಾಗ ಮಾಡಿಕೊಡಲು. 1987ರಲ್ಲಿ ಕಾರ್ಟೂನು ನಿಂತಿತು. ನಾಲ್ಕೇ ಸಂಚಿಕೆ ಎಂದು ಹೊರಟಿದ್ದ ಮಾರ್ವೆಲ್‌ನ ಕಾಮಿಕ್ಸ್ ಮಾತ್ರ 1991ರವರೆಗೆ, 80 ಸಂಚಿಕೆಗಳಷ್ಟು ನಡೆಯಿತು. ಕಾರ್ಟೂನು ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ಅದು ಎತ್ತಿಕೊಂಡಿತು: ಹೊಡೆದಾಟಕ್ಕೆ ಬೆಲೆ ತೆರುವವರು ಯಾರು?

24ನೇ ಸಂಚಿಕೆಯನ್ನೇ ನೋಡಿ. ಪ್ರೈಮ್, ಮೆಗಾಟ್ರಾನ್ ಇಬ್ಬರೂ ಒಂದು ಕಂಪ್ಯೂಟರ್ ಆಟದೊಳಗೆ ಸೆಣಸುತ್ತಾರೆ. ಸೋತವನಿಗೆ ಸಾವು ಎಂಬುದು ಷರತ್ತು. ಗೆಲುವು ಪ್ರೈಮ್‌ನದು. ಆದರೆ ಆಟದೊಳಗಿನ ಅಮಾಯಕ ಜೀವಿಗಳಿಗೆ ತನ್ನಿಂದ ಹಾನಿಯಾಯಿತೆಂದು ಅವನು ಆ ಗೆಲುವನ್ನು ಒಪ್ಪದೆ ತನ್ನನ್ನೇ ಸ್ಫೋಟಿಸಲು ಹೇಳಿ ಸಾಯುತ್ತಾನೆ. ಬರೀ ಆಟದ ಗೊಂಬೆಗಳಿಗಾಗಿ ಸಾಯುವುದೇ ಎಂದು ಕೇಳಬಹುದು. ಆದರೆ ನೋಡುವವರಿಲ್ಲದ ಕಡೆಯಲ್ಲೂ ಮಾತಿಗೆ ತಪ್ಪದವನು ನಾಯಕ ಎಂಬುದನ್ನು ಮಗುವಿಗೂ ಮುಟ್ಟುವಂತೆ ಹೇಳಲು ಇದಕ್ಕಿಂತ ನೇರವಾದ ದಾರಿ ಕಷ್ಟ. 2012ರಲ್ಲಿ ಜೇಮ್ಸ್ ರಾಬರ್ಟ್ಸ್ ಬರೆಯತೊಡಗಿದ ‘ಮೋರ್ ದ್ಯಾನ್ ಮೀಟ್ಸ್ ದಿ ಐ’ ಎಂಬ ಟ್ರಾನ್ಸ್‌ಫಾರ್ಮರ್ಸ್ ಕಾಮಿಕ್ಸ್ ಸರಣಿ ಇನ್ನೂ ಮುಂದೆ ಹೋಯಿತು. ಅಲ್ಲಿ ಲಕ್ಷಾಂತರ ವರ್ಷಗಳ ಯುದ್ಧ ಮುಗಿದಿದೆ. ಹೋರಾಡುವುದಷ್ಟೇ ಗೊತ್ತಿರುವವರು ಒಂದೇ ಅಂತರಿಕ್ಷ ಹಡಗಿನಲ್ಲಿ ಹೊರಟಿದ್ದಾರೆ. ಅವರ ನಡುವೆ ಮನಸ್ಸಿನ ಗಾಯಕ್ಕೆ ಮದ್ದು ನೋಡುವ ರಂಗ್ ಎಂಬ ವೈದ್ಯನೂ ಇದ್ದಾನೆ.

ಇದೆಲ್ಲ ಬಾಲ್ಯದ ನೆನಪನ್ನು ಮತ್ತೆ ಮಾರುವ ವ್ಯಾಪಾರ ಎಂಬ ಆಕ್ಷೇಪ ಸುಳ್ಳಲ್ಲ. ಈ ಪಾತ್ರಗಳ ಹಕ್ಕು ಇಂದಿಗೂ ಆಟಿಕೆ ಕಂಪನಿಯ ಕೈಯಲ್ಲೇ ಇದೆ. ಆದರೆ ಹಳೆಯ ನೆನಪಷ್ಟೇ ಸಾಕೆನ್ನುವವರು ಹಳೆಯದನ್ನು ಹಾಗೇ ಉಳಿಸಿಕೊಡುತ್ತಾರೆ. ಇಲ್ಲಿ ಹಾಗಾಗಿಲ್ಲ. ಡೇನಿಯಲ್ ವಾರೆನ್ ಜಾನ್ಸನ್ 2023ರಲ್ಲಿ ಆರಂಭಿಸಿದ ಟ್ರಾನ್ಸ್‌ಫಾರ್ಮರ್ಸ್ ಸರಣಿ ಮೊದಲ ಸಂಚಿಕೆಯಲ್ಲೇ ಎಲ್ಲರ ಮುದ್ದಿನ ರೋಬಾಟ್ ಬಂಬಲ್‌ಬೀಯನ್ನು ಕೊಲ್ಲುತ್ತದೆ. ಮರುವರ್ಷ ಅದಕ್ಕೆ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿ ಬಂತು. ಬಾಲ್ಯದ ಪ್ರಪಂಚವನ್ನು ಹಾಳುಮಾಡಿದರು ಎಂದು ಕೆಲವರು ನೊಂದುಕೊಳ್ಳುತ್ತಾರೆ. ಆ ಪ್ರಪಂಚ ಹಳೆಯ ಕಂತುಗಳಲ್ಲಿ ಹಾಗೇ ಇದೆ, ಇಂದಿನ ಮಕ್ಕಳಿಗೂ ಸಿಗುತ್ತದೆ. ಅದನ್ನು ನೋಡಿ ಬೆಳೆದವರಿಗೆ ಮಾತ್ರ ತಮ್ಮ ವಯಸ್ಸಿಗೆ ತಕ್ಕ ಕತೆ ಬೇಕು. ಸಾವಿಗೂ ಬೆಲೆ ಇರುವ ಕತೆಯನ್ನು ಕೊಟ್ಟು ಈ ಕಾಮಿಕ್ಸ್ ಅವರನ್ನು ಗೌರವದಿಂದ ಕಂಡಿವೆ.