ಮದುವೆಯ ಮಾತು ಶುರುವಾದಾಗಲೇ

ಮಂಡ್ಯ ಜಿಲ್ಲೆಯ ಬಾಬುರಾಯನಕೊಪ್ಪಲು ಹೆದ್ದಾರಿಯ ಊರು; ಬಸ್ ಹತ್ತಿದರೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಬೆಂಗಳೂರು. ಇಂಥ ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಿಂಗಳಿಂದ ಶಾಲೆಗೆ ಬಂದಿಲ್ಲ ಎಂದುಕೊಳ್ಳಿ. ಗಂಡು ಗೊತ್ತಾಗಿದೆ ಎನ್ನುವವರಿದ್ದಾರೆ, ಬೆಂಗಳೂರಿಗೆ ಮನೆಗೆಲಸಕ್ಕೆ ಕಳಿಸಿದ್ದಾರೆ ಎನ್ನುವವರೂ ಇದ್ದಾರೆ. ಅಪರಾಧ ಇನ್ನೂ ನಡೆದಿಲ್ಲ, ದೂರು ಕೊಡುವವರಿಲ್ಲ, ಹಾಗಾಗಿ ಎಲ್ಲರೂ ಸುಮ್ಮನಿರುತ್ತಾರೆ. ಜಿಲ್ಲಾ ಮಟ್ಟದಲ್ಲಿರುವ ಮಕ್ಕಳ ಕಲ್ಯಾಣ ಸಮಿತಿ ಬೇಕಾಗುವುದು ಈ ಹೊತ್ತಿನಲ್ಲೇ. 2015ರ ಬಾಲ ನ್ಯಾಯ ಕಾಯ್ದೆ ರಕ್ಷಣೆ ಬೇಕಾದ ಮಕ್ಕಳ ಸಾಲಿಗೆ ಶೋಷಣೆಗೆ ಸಿಕ್ಕವರ ಜೊತೆಗೆ, ಸಿಗುವ ಸಂಭವ ಇರುವವರನ್ನೂ ವಯಸ್ಸಿಗೆ ಮುಂಚೆ ಮದುವೆಯಾಗುವ ಅಪಾಯದಲ್ಲಿರುವವರನ್ನೂ ಸೇರಿಸಿದೆ. ಇಷ್ಟು ದೂರದೃಷ್ಟಿಯ ಕಾನೂನನ್ನು ನಾವು ಅನಾಹುತ ಆದ ಮೇಲಷ್ಟೇ ನೆನೆಯುತ್ತಿದ್ದೇವೆ.

ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಇದಕ್ಕೆ ಮ್ಯಾಜಿಸ್ಟ್ರೇಟ್ ಪೀಠದ ಅಧಿಕಾರವಿದೆ, ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ರಕ್ಷಿಸಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಇದರ ಮುಂದೆ ಹಾಜರುಪಡಿಸಬೇಕು. ಆದರೆ ನನಗೆ ಮುಖ್ಯವಾಗಿ ಕಾಣುವುದು ಆಮೇಲೆ ನಡೆಯುವ ಕೆಲಸ. ಸಮಾಜ ಕಾರ್ಯಕರ್ತರು ಮನೆಗೆ ಹೋಗಿ 15 ದಿನದೊಳಗೆ ವರದಿ ತಯಾರಿಸುತ್ತಾರೆ. ದುಡಿಯುವವರು ಯಾರು, ಸಾಲ ಎಷ್ಟು, ಶಾಲೆ ಬಿಟ್ಟದ್ದೇಕೆ, ಮಗು ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತದೆ? ಅಪ್ಪನ ಕೈಸಾಲ, ಅಮ್ಮನ ಕಾಯಿಲೆ, ಹೈಸ್ಕೂಲಿಗೆ ಹೋಗುವ ದಾರಿಯಲ್ಲಿ ಕಾಡುವ ಹುಡುಗರು ಇವೆಲ್ಲ ಆ ಕಾಗದದಲ್ಲಿ ಬಂದರೆ ಮಾತ್ರ ಪರಿಹಾರ ಹೊಳೆಯುತ್ತದೆ. ಪೊಲೀಸ್ ಠಾಣೆಯ ಎಫ್‌ಐಆರ್‌ನಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಬಡವರು ಏನು ಮಾಡಿಯಾರು, ಮದುವೆ ಮಾಡಿದರೆ ಹುಡುಗಿಗೆ ಒಂದು ನೆಲೆಯಾದರೂ ಸಿಗುತ್ತದಲ್ಲ ಎಂಬ ಮಾತಿದೆ. ಅದರ ಹಿಂದಿನ ಸಂಕಟ ಸುಳ್ಳಲ್ಲ. ಆದರೆ ಮಂಡ್ಯದಲ್ಲಿ ಈಚೆಗೆ ಏನಾಯಿತು ನೋಡಿ. 2023ರಲ್ಲಿ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷ ಇಲ್ಲಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹೆಣ್ಣನ್ನು ಹುಟ್ಟಲು ಬಿಡದ ನೆಲದಲ್ಲಿ, ಹುಟ್ಟಿ ಬೆಳೆಯುತ್ತಿರುವ ಹುಡುಗಿಯ ಮೇಲೆ ಒತ್ತಡ ಹೆಚ್ಚುವುದು ಸಹಜ. ಅಂಥ ಮದುವೆ ಅವಳಿಗೆ ಆಸರೆಯಾಗದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಅದು ಮೊದಲಿಂದಲೇ ಅಸಿಂಧು. ಬಡತನಕ್ಕೆ ಬೇರೆ ದಾರಿಯೂ ಇದೆ: ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಮಗು ಮನೆಯಲ್ಲೇ ಉಳಿದು ಓದಬಹುದು.

ಸಮಿತಿಗೆ ಹೇಳಿದರೆ ಮಗುವನ್ನು ಬಾಲಮಂದಿರಕ್ಕೆ ಹಾಕುತ್ತಾರೆ, ಮನೆತನದ ಮಾನ ಹೋಗುತ್ತದೆ ಎಂಬ ಭಯ ಇನ್ನೂ ದೊಡ್ಡದು. ಬಾಲಮಂದಿರ ಕೊನೆಯ ದಾರಿ ಎಂದು ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ಮಗುವಿನ ಹೆಸರು, ಫೋಟೊ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಪ್ರಕಟಿಸುವಂತಿಲ್ಲ. ಹಾಗೆಂದು ಭಯ ಪೂರ್ತಿ ಆಧಾರವಿಲ್ಲದ್ದು ಎನ್ನಲಾರೆ. ಜೀಪಿನಲ್ಲಿ ಬಂದು ಬೀದಿಯಲ್ಲಿ ನಿಂತು ವಿಚಾರಿಸಿದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಸಂಜೆ ಒಬ್ಬರೇ ಮನೆಗೆ ಬಂದು ಅಮ್ಮನ ಜೊತೆ ಕೂತು ಮಾತಾಡುವ ಕಾರ್ಯಕರ್ತೆ ಈ ವ್ಯವಸ್ಥೆಯ ಜೀವ.

ಏಳು ತಾಲ್ಲೂಕಿನ ಜಿಲ್ಲೆಗೆ ಒಂದು ಸಮಿತಿ ಸಾಲುತ್ತದೆಯೇ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಊರೂರಿಗೆ ಸಮಿತಿ ಬರಲಾರದು, ಸುದ್ದಿ ಊರಿನಿಂದಲೇ ಹೋಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಉಚಿತ, ದಿನದ 24 ಗಂಟೆಯೂ ಎತ್ತುತ್ತಾರೆ. ಅಂಗನವಾಡಿ ಕಾರ್ಯಕರ್ತೆ, ಮುಖ್ಯೋಪಾಧ್ಯಾಯರು, ಪಿಡಿಒ ಇವರಿಗೆ ಮಕ್ಕಳ ಮುಖ ಪರಿಚಯವಿದೆ. ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಹೇಳಬಹುದು. ಆದರೆ ಆ ಸಭೆ ನಡೆಯುವುದು ವರ್ಷಕ್ಕೊಮ್ಮೆ. ಲಗ್ನದ ಮುಹೂರ್ತಗಳೋ ಯುಗಾದಿ ಕಳೆದ ಮೇಲೆ ಸಾಲುಸಾಲು. ಅಷ್ಟರೊಳಗೆ ಶಾಲೆಗೆ ಬಾರದವರ ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ಪಂಚಾಯಿತಿ ತರಿಸಿಕೊಂಡು ನೋಡಬೇಕು.